ಕೈಗೆಟುಕದ ಚುಕ್ಕಿಗಳು

ವಾಷಿಂಗ್ಟನ್ನಿನ ಟೈಡಲ್ ಬೇಸಿನ್ ದಂಡೆಯ ಮೇಲೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸ್ಮಾರಕವಿದೆ. ಏಳೂವರೆ ಎಕರೆ ಜಾಗ, ಕೆಂಪು ಗ್ರಾನೈಟಿನ ಗೋಡೆಗಳು, ಅಲ್ಲಲ್ಲಿ ನೀರಿನ ಧಾರೆ. ಲಾರೆನ್ಸ್ ಹಾಲ್‌ಪ್ರಿನ್ ಎಂಬ ಭೂದೃಶ್ಯ ವಿನ್ಯಾಸಕಾರ ಇದನ್ನು ಚಾವಣಿಯಿಲ್ಲದ ವಸ್ತುಸಂಗ್ರಹಾಲಯದಂತೆ ರೂಪಿಸಿದ್ದಾರೆ. ರೂಸ್‌ವೆಲ್ಟರ ನಾಲ್ಕು ಅಧ್ಯಕ್ಷಾವಧಿಗಳಿಗೆ ನಾಲ್ಕು ಅಂಕಣಗಳು. ಎರಡನೆಯದರಲ್ಲಿ ಶಿಲ್ಪಿ ರಾಬರ್ಟ್ ಗ್ರಹಾಂ ಮಾಡಿದ ಕಂಚಿನ ಫಲಕಗಳ ಗೋಡೆಯೊಂದಿದೆ, ಅದರೆದುರು ಐದು ಕಂಬಗಳಿವೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗಾಗಿ ಸರ್ಕಾರ ಹೂಡಿದ ಯೋಜನೆಗಳು ಅಲ್ಲಿ ಮುಖಗಳಾಗಿ, ಕೈಗಳಾಗಿ, ಅಕ್ಷರಗಳಾಗಿ ಅಚ್ಚಾಗಿವೆ. ನಡುನಡುವೆ ಬ್ರೈಲ್ ಚುಕ್ಕಿಗಳು. ಮುಟ್ಟಿ ನೋಡಲೆಂದೇ ಮಾಡಿದ ಶಿಲ್ಪ. ಆದರೆ 1997ರ ಮೇ ತಿಂಗಳಲ್ಲಿ ಸ್ಮಾರಕ ತೆರೆದಾಗ ದೃಷ್ಟಿಯಿಲ್ಲದವರು ಬಂದು ಮುಟ್ಟಿ ನೋಡಿ ದೂರಿದರು: ಚುಕ್ಕಿಗಳ ಅಂತರ ಸರಿಯಿಲ್ಲ, ಓದಲಾಗುತ್ತಿಲ್ಲ. ಕೆಲವಂತೂ ನೆಲದಿಂದ ಎಂಟು ಅಡಿ ಎತ್ತರದಲ್ಲಿವೆ.

ಬ್ರೈಲ್‌ನ ಒಂದು ಅಕ್ಷರವೆಂದರೆ ಎರಡು ಸಾಲಿನ ಆರು ಚುಕ್ಕಿಗಳ ಮನೆ. ಚುಕ್ಕಿಯಿಂದ ಚುಕ್ಕಿಗೆ ಎರಡೂವರೆ ಮಿಲಿಮೀಟರ್, ಎತ್ತರ ಅರ್ಧ ಮಿಲಿಮೀಟರ್. ಈ ಅಳತೆ ಯಾರೋ ಸುಮ್ಮನೆ ಇಟ್ಟದ್ದಲ್ಲ. ಇಡೀ ಮನೆ ಒಂದು ಬೆರಳ ತುದಿಯ ಕೆಳಗೆ ಒಮ್ಮೆಗೇ ಸಿಗಬೇಕು, ಆಗ ಮಾತ್ರ ಅದು ಅಕ್ಷರ. ಕಣ್ಣಿನಿಂದ ಓದುವ ನಾವು ಅಕ್ಷರ ದೊಡ್ಡದಾದಷ್ಟೂ ಓದುವುದು ಸುಲಭ ಅಂದುಕೊಳ್ಳುತ್ತೇವೆ. ಬೆರಳಿನ ಓದು ಹಾಗಲ್ಲ. ಚುಕ್ಕಿಗಳನ್ನು ದೂರ ಸರಿಸಿ ಹಿಗ್ಗಿಸಿದರೆ ಅಕ್ಷರ ಒಡೆದು ಬರೀ ಗುಬುಟುಗಳಾಗಿ ಉಳಿಯುತ್ತದೆ. ಗ್ರಹಾಂ ದೊಡ್ಡ ಕಲಾವಿದ, ಆ ಕಂಚಿನ ಮುಖಗಳು ನಿಜಕ್ಕೂ ಚೆನ್ನಾಗಿವೆ. ಆದರೂ ಆ ಬ್ರೈಲ್ ಕಣ್ಣಿರುವವರಿಗಾಗಿ ಮಾಡಿದ ಬ್ರೈಲ್ ಎಂದೇ ನನಗನ್ನಿಸುತ್ತದೆ. ನೋಡಿದವರು ‘ಆಹಾ, ಅಂಧರನ್ನೂ ಮರೆತಿಲ್ಲ’ ಎಂದು ಸಂತೋಷಪಟ್ಟು ಮುಂದೆ ಹೋಗಬಹುದು.

ನಾನು ಕಲಾವಿಮರ್ಶಕಿಯಲ್ಲ. ಬಿ.ಕಾಂ., ಸಿ.ಎ. ಮಾಡಿ ಲೆಕ್ಕಪತ್ರಗಳ ನಡುವೆ ಬದುಕುವವಳು. ನಮ್ಮ ವೃತ್ತಿಯಲ್ಲಿ ಆರ್ಟಿಕಲ್‌ಶಿಪ್ ದಿನಗಳಲ್ಲೇ ತಲೆಗೆ ತುಂಬುವ ಒಂದು ಮಾತಿದೆ: ರೂಪ ನೋಡಬೇಡ, ಸಾರ ನೋಡು. ಕಾಗದದಲ್ಲಿ ಗೋದಾಮಿದೆ ಎಂದಿದ್ದರೆ ಹೋಗಿ ಬೀಗ ತೆಗೆಸಿ ಒಳಗೆ ಸರಕಿದೆಯೇ ನೋಡಬೇಕು. ವಸ್ತುಸಂಗ್ರಹಾಲಯಗಳಲ್ಲಿ ಗಾಲಿಕುರ್ಚಿಯ ನೀಲಿ ಚಿತ್ರ ಕಂಡಾಗಲೆಲ್ಲ ಈಗ ನನಗೆ ಗೋದಾಮಿನ ನೆನಪಾಗುತ್ತದೆ. ಮೊದಲು ಹೀಗಿರಲಿಲ್ಲ. ಆಶ್‌ಬರ್ನ್‌ಗೆ ಬಂದ ಮೇಲೆ ಊರಿಂದ ಬಂದವರನ್ನೆಲ್ಲ ಸ್ಮಿತ್‌ಸೋನಿಯನ್ ಸಂಗ್ರಹಾಲಯಗಳಿಗೆ ಕರೆದುಕೊಂಡು ಹೋಗಿದ್ದೇನೆ. ಪ್ರವೇಶ ಉಚಿತ, ಮೇಲಾಗಿ ಬಂದವರಿಗೆ ಅಮೆರಿಕ ತೋರಿಸಿದ ಹಾಗೂ ಆಗುತ್ತದೆ. ಯಾವ ಬಾಗಿಲು ಎಷ್ಟು ಅಗಲ, ಲಿಫ್ಟ್ ಎಲ್ಲಿ ಎಂದು ಒಮ್ಮೆಯೂ ಗಮನಿಸಿರಲಿಲ್ಲ. ಲಕ್ವ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೆ ಅಪ್ಪ ತಿಪಟೂರಿನಿಂದ ಬಂದರು. ಆಮೇಲೆ ಕಟ್ಟಡಗಳೆಲ್ಲ ಬೇರೆಯಾಗಿ ಕಾಣತೊಡಗಿದವು.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಊರುಗೋಲಿಗೆ ಒಪ್ಪಿದ್ದರು, ಗಾಲಿಕುರ್ಚಿಗೆ ಮಾತ್ರ ಒಪ್ಪಿರಲಿಲ್ಲ. ಡಲ್ಲಸ್ ವಿಮಾನ ನಿಲ್ದಾಣದ ಪಕ್ಕ, ನಮ್ಮ ಮನೆಯಿಂದ ಕಾರಿನಲ್ಲಿ ಹತ್ತಿರವೇ ಇರುವ ಉದ್ವಾರ್-ಹೇಜಿ ವಿಮಾನ ಸಂಗ್ರಹಾಲಯಕ್ಕೆ ಹೋದಾಗ ಬಾಗಿಲ ಬಳಿ ಸಾಲಾಗಿ ನಿಂತ ಕುರ್ಚಿಗಳನ್ನು ನೋಡಿ, “ಬ್ಯಾಡ ಕಣಮ್ಮ, ನಿಧಾನಕ್ಕೆ ನಡೀತೀನಿ” ಅಂದರು. ಅದು ನಡೆದು ಮುಗಿಸುವ ಜಾಗವಲ್ಲ, ವಿಮಾನಗಳ ಹ್ಯಾಂಗರ್. ಕಾಲು ಗಂಟೆಯಲ್ಲೇ ಬೆಂಚು ಹುಡುಕಿದರು. ಕೊನೆಗೆ ಒಂದು ಷರತ್ತು ಹಾಕಿ ಕೂತರು: “ಫೋಟೋ ತೆಗೀಬಾರದು. ತೆಗೆದರೂ ಊರಿನ ವಾಟ್ಸಾಪ್ ಗುಂಪಿಗೆ ಹಾಕಬಾರದು.”

ಕೂತ ಮೇಲೆ ನಡೆದದ್ದು ನಾನು ಎಣಿಸದ್ದು. ಡಿಸ್ಕವರಿ ಬಾಹ್ಯಾಕಾಶ ನೌಕೆ 2012ರಿಂದ ಅಲ್ಲಿ ತನ್ನ ಚಕ್ರಗಳ ಮೇಲೆ ನಿಂತಿದೆ. ನಿಂತು ನೋಡುವ ನಾವು ಮೂತಿ, ರೆಕ್ಕೆ, ಬಾಲ ನೋಡಿ ಮುಂದೆ ಹೋಗುತ್ತೇವೆ. ಕುರ್ಚಿಯಲ್ಲಿದ್ದ ಅಪ್ಪನಿಗೆ ಅದರ ಹೊಟ್ಟೆ ಕಂಡಿತು. ಭೂಮಿಗೆ ಮರಳುವಾಗಿನ ಕಾವು ತಡೆದ ಕಪ್ಪು ಹೆಂಚುಗಳನ್ನು ಒಂದೊಂದಾಗಿ ಜೋಡಿಸಿದ ರೀತಿ ನೋಡುತ್ತಾ ಎಷ್ಟೋ ಹೊತ್ತು ಕೂತರು. ಅದೇ ವಾರ ಹೋದ ಬೇರೊಂದು ಸಂಗ್ರಹಾಲಯದಲ್ಲಿ, ಹೆಸರು ಬೇಡ, ನಾಣ್ಯಗಳ ಗಾಜಿನ ಪೆಟ್ಟಿಗೆಯ ಮುಂದೆ ಅವರಿಗೆ ಕಂಡದ್ದು ಪೆಟ್ಟಿಗೆಯ ಅಂಚು ಮತ್ತು ಗಾಜಿನಲ್ಲಿ ದೀಪದ ಹೊಳಪು. ಸ್ಮಿತ್‌ಸೋನಿಯನ್ ಸಂಸ್ಥೆ ಪ್ರದರ್ಶನ ವಿನ್ಯಾಸಕ್ಕೆಂದು ಹೊರತಂದಿರುವ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಅಂಕಿಯಿದೆ: ಸಣ್ಣ ವಸ್ತುಗಳು ನೆಲದಿಂದ 40 ಇಂಚಿಗಿಂತ ಮೇಲಿರಬಾರದು. ಅದಕ್ಕಿಂತ ಮೇಲಿಟ್ಟರೆ ಕೂತವರಿಗೂ ಕುಳ್ಳಗಿನವರಿಗೂ ಅವುಗಳ ತಳ ಮಾತ್ರ ಕಾಣುತ್ತದೆ. ಮಕ್ಕಳೂ ಕುಳ್ಳಗಿನವರೇ ಅಲ್ಲವೆ? ಒಬ್ಬರಿಗೆಂದು ಇಳಿಸಿದ ಪೆಟ್ಟಿಗೆ ಇನ್ನೊಬ್ಬರಿಗೂ ಕಾಣುತ್ತದೆ, ನಮಗೆ ಸ್ವಲ್ಪ ಕತ್ತು ಬಗ್ಗಿಸುವ ಖರ್ಚು ಅಷ್ಟೆ.

ಇಂಗ್ಲಿಷಿನವರು ‘ಆಕ್ಸೆಸಿಬಲ್’ ಎನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳಬೇಕೆಂದು ಇದನ್ನು ಬರೆಯುವಾಗ ಹುಡುಕಿದೆ. 2015ರಲ್ಲಿ ಭಾರತ ಸರ್ಕಾರ ‘ಸುಗಮ್ಯ ಭಾರತ’ ಎಂಬ ಅಭಿಯಾನ ಶುರು ಮಾಡಿತು. ‘ಸುಗಮ್ಯ’ ನಡೆದು ತಲುಪುವವರ ಶಬ್ದ, ಬೆರಳಿನಿಂದ ಓದುವವರಿಗೆ ಒಗ್ಗುವುದಿಲ್ಲ. ನಮ್ಮ ಆಡುಮಾತಿನಲ್ಲಿ ‘ಎಟುಕು’ ಇದೆಯಲ್ಲ! ಕೈಗೆ ಎಟುಕುತ್ತದೆ, ಕಣ್ಣಿಗೆ ಎಟುಕುತ್ತದೆ, ಬುದ್ಧಿಗೂ ಎಟುಕುತ್ತದೆ. ಸಾಲದೆಂಬಂತೆ ಜನರಿಗೆ ಇಟ್ಟ ಹೆಸರು ನೋಡಿ: ಅಂಗವಿಕಲರು ಎನ್ನುತ್ತಿದ್ದೆವು, ಅದು ಒರಟೆಂದು ‘ವಿಕಲಚೇತನ’ ಮಾಡಿದೆವು. ಅಂಗ ವಿಕಲವಾದವರ ಚೇತನವೂ ವಿಕಲವಾಯಿತೆಂದು ಯಾರು ಹೇಳಿದರು? ಹೊಸ ಹೆಸರು ಹಳೆಯದಕ್ಕಿಂತ ಹೆಚ್ಚು ಅವಮಾನ ಮಾಡುತ್ತದೆ, ಆದರೂ ನಮ್ಮ ರಾಜ್ಯದ ಇಲಾಖೆಯ ಫಲಕದ ಮೇಲೆ ಅದೇ ಇದೆ. ಇದೂ ಆ ದೊಡ್ಡ ಬ್ರೈಲ್‌ನ ಹಾಗೆಯೇ, ಬರೆದವರಿಗೆ ಸಮಾಧಾನ ಕೊಡಲು ಬರೆದದ್ದು.

ರೂಸ್‌ವೆಲ್ಟ್ ಸ್ಮಾರಕದ ಇನ್ನೊಂದು ಜಗಳ ಬ್ರೈಲ್‌ಗಿಂತ ದೊಡ್ಡದು. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ರೂಸ್‌ವೆಲ್ಟರಿಗೆ ಪೋಲಿಯೊ ತಗಲಿ ಕಾಲುಗಳ ಶಕ್ತಿ ಹೋಯಿತು. ಸಾಧಾರಣ ಕುರ್ಚಿಯೊಂದಕ್ಕೆ ಗಾಲಿ ಹಾಕಿಸಿಕೊಂಡು ಮನೆಯೊಳಗೆ ಓಡಾಡುತ್ತಿದ್ದರು. ಅಟ್ಲಾಂಟದ ಆಚೆ ವಾರ್ಮ್ ಸ್ಪ್ರಿಂಗ್ಸ್‌ನ ಬಿಸಿನೀರ ಬುಗ್ಗೆಗಳಲ್ಲಿ ವರ್ಷಗಟ್ಟಲೆ ಚಿಕಿತ್ಸೆ ಪಡೆದರು, 1945ರಲ್ಲಿ ಅಲ್ಲೇ ತೀರಿಕೊಂಡರು. ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿದ ಅವರ ಕಾರು ಈಗಲೂ ಅಲ್ಲಿದೆ. ಆದರೆ ಜನರ ಮುಂದೆ ಗಾಲಿಕುರ್ಚಿ ಕಾಣಿಸಲು ಬಿಡಲಿಲ್ಲ. ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದು, ಮಗನ ತೋಳು ಹಿಡಿದು ‘ನಡೆದರು’. ಕುರ್ಚಿಯಲ್ಲಿರುವ ಅವರ ಛಾಯಾಚಿತ್ರಗಳು ಬೆರಳೆಣಿಕೆಯಷ್ಟೇ. ಸ್ಮಾರಕ ಕಟ್ಟುವವರು ಇದನ್ನೇ ಅನುಸರಿಸಿದರು. ಮೂರನೆಯ ಅಂಕಣದಲ್ಲಿ ದೈತ್ಯಾಕಾರದ ರೂಸ್‌ವೆಲ್ಟ್ ಕುಳಿತಿದ್ದಾರೆ, ಪಕ್ಕದಲ್ಲಿ ನಾಯಿ ಫಾಲಾ, ಮೈಮೇಲಿನ ದೊಡ್ಡ ಮೇಲಂಗಿ ಕುರ್ಚಿಯನ್ನು ಮುಚ್ಚಿದೆ. ಪ್ರತಿಭಟನೆಯಾದಾಗ ಶಿಲ್ಪಿ ಕುರ್ಚಿಯ ಹಿಂಬದಿಗೆ ಪುಟ್ಟ ಗಾಲಿಗಳನ್ನು ಸೇರಿಸಿದರು. ಹಿಂದೆ ಹೋಗಿ ನೋಡಿದರೆ ಮಾತ್ರ ಅವು ಕಾಣುತ್ತವೆ.

ಮುಚ್ಚಿದ್ದನ್ನು ಸಮರ್ಥಿಸಿದವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ತಾನು ಬದುಕಿದ್ದಾಗ ಮರೆಮಾಡಿದ್ದನ್ನು ಸತ್ತ ಮೇಲೆ ನಾವು ಬಯಲು ಮಾಡುವುದು ಆ ಮನುಷ್ಯನಿಗೆ ಮಾಡುವ ದ್ರೋಹವಲ್ಲವೆ ಎಂದು ಅವರು ಕೇಳಿದರು. ಅಪ್ಪನ ಷರತ್ತಿಗೆ ಒಪ್ಪಿಕೊಂಡಿದ್ದ ನನಗೆ ಈ ಪ್ರಶ್ನೆ ನಾಟುತ್ತದೆ. ಆದರೆ ಸ್ಮಾರಕ ಸತ್ತವರಿಗಾಗಿ ಇರುವುದಿಲ್ಲ, ಬಂದು ನೋಡುವವರಿಗಾಗಿ ಇರುತ್ತದೆ. ಹ್ಯೂ ಗ್ಯಾಲಗರ್ ಎಂಬವರ ಉದಾಹರಣೆ ನೋಡಿ. ಹರೆಯದಲ್ಲೇ ಪೋಲಿಯೊ ಬಂದು ಗಾಲಿಕುರ್ಚಿ ಹಿಡಿದವರು, ಅದೇ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿಕಿತ್ಸೆ ಪಡೆದವರು. ಸೆನೆಟರ್ ಒಬ್ಬರ ಸಹಾಯಕರಾಗಿ ವಾಷಿಂಗ್ಟನ್ನಿಗೆ ಬಂದರೆ ಸರ್ಕಾರಿ ಕಟ್ಟಡಗಳಿಗೆಲ್ಲ ಮೆಟ್ಟಿಲು. ಕೇಂದ್ರ ಸರ್ಕಾರದ ಹಣದಲ್ಲಿ ಕಟ್ಟುವ ಕಟ್ಟಡಗಳೆಲ್ಲ ಎಲ್ಲರಿಗೂ ಎಟುಕಬೇಕೆಂಬ 1968ರ ಕಾಯ್ದೆಯ ಹಿಂದೆ ಇದ್ದವರು ಅವರು. ನಾವು ಮಾತೆತ್ತಿದರೆ 1990ರ ಎ.ಡಿ.ಎ. ಕಾಯ್ದೆಯ ಹೆಸರು ಹೇಳುತ್ತೇವೆ. ಕೇಂದ್ರ ಸರ್ಕಾರದ ಸ್ಮಾರಕಗಳಿಗೆ ಅನ್ವಯಿಸುವುದು ಗ್ಯಾಲಗರರ ಈ ಹಳೆಯ ಕಾಯ್ದೆ. ಇದೇ ಗ್ಯಾಲಗರ್ 1985ರಲ್ಲಿ, ರೂಸ್‌ವೆಲ್ಟ್ ತಮ್ಮ ಅಂಗವೈಕಲ್ಯವನ್ನು ಹೇಗೆ ಮುಚ್ಚಿಟ್ಟರು, ಅದಕ್ಕೆ ಎಷ್ಟು ಬೆಲೆ ತೆತ್ತರು ಎಂಬ ಬಗ್ಗೆ ಪುಸ್ತಕ ಬರೆದರು.

ಕೊನೆಗೆ ಅಂಗವಿಕಲರ ರಾಷ್ಟ್ರೀಯ ಸಂಘಟನೆಯೊಂದು ಎರಡು ವರ್ಷ ಚಂದಾ ಎತ್ತಿ 16.5 ಲಕ್ಷ ಡಾಲರ್ ಕೂಡಿಸಿತು. 2001ರ ಜನವರಿಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ಆಳೆತ್ತರದ ರೂಸ್‌ವೆಲ್ಟ್ ಪ್ರವೇಶದ ಬಳಿ ಬಂದು ಕೂತರು. ಮಾಡಿದವರು ಅದೇ ರಾಬರ್ಟ್ ಗ್ರಹಾಂ.

ಅಪ್ಪನನ್ನು ಅಲ್ಲಿಗೆ ಕರೆದೊಯ್ದದ್ದು ಏಪ್ರಿಲ್ ಕೊನೆಗೆ, ಚೆರ್ರಿ ಹೂವಿನ ಗದ್ದಲ ಮುಗಿದ ಮೇಲೆ. ಈ ಕಥೆಯನ್ನೆಲ್ಲ ದಾರಿಯಲ್ಲೇ ಹೇಳಿದ್ದೆ. ಪ್ರವೇಶದ ವಿಗ್ರಹದ ಮುಂದೆ ಅವರು ಹೆಚ್ಚು ಹೊತ್ತು ನಿಲ್ಲಿಸಗೊಡಲಿಲ್ಲ. “ಆ ಹಿಂದಿನ ಚಕ್ರ ಎಲ್ಲಿ, ಅದನ್ನು ತೋರಿಸು” ಅಂದರು. ಮೂರನೆಯ ಅಂಕಣಕ್ಕೆ ಹೋಗಿ, ದೈತ್ಯ ವಿಗ್ರಹದ ಪಕ್ಕಕ್ಕೆ ಕುರ್ಚಿ ತಳ್ಳಿ, ಸಾಧ್ಯವಾದಷ್ಟು ಹಿಂದಕ್ಕೆ ಒಯ್ದೆ. ಅಪ್ಪ ಬಗ್ಗಿ ನೋಡಿದರು. ಮೂವತ್ತು ವರ್ಷ ಕಾಮಗಾರಿ ನೋಡಿದ ಕಣ್ಣು. “ಇದು ಭಾರ ತಡಿಯಲ್ಲ ಕಣಮ್ಮ. ಸುಮ್ನೆ ಹಚ್ಚಿದ್ದಾರೆ” ಅಂದರು. ಆಮೇಲೆ ವಾಪಸು ಬರುವಾಗ ಕಾರಿನಲ್ಲಿ ತಾವಾಗಿಯೇ ಹೇಳಿದರು: “ನಾನು ಕಟ್ಟಿಸಿದ್ದರಲ್ಲಿ ತಾಲ್ಲೂಕು ಕಚೇರಿ ಇತ್ತು, ಆಸ್ಪತ್ರೆ ಇತ್ತು, ಸ್ಕೂಲುಗಳು ಇದ್ದವು. ಒಂದಕ್ಕೂ ಇಳಿಜಾರು ಇಡಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಇಡಲಿಲ್ಲ. ಆಸ್ಪತ್ರೆಗೂ ಇಡಲಿಲ್ಲ ನೋಡು.”

ಎರಡು ವಿಗ್ರಹಗಳಲ್ಲಿ ನನಗೆ ಯಾವುದು ಮೇಲು? ಶಿಲ್ಪವಾಗಿ ನೋಡಿದರೆ ಮೇಲಂಗಿ ಹೊದ್ದ ದೊಡ್ಡದು. ಅದರ ಮುಖದ ದಣಿವು ಇನ್ನೊಂದರಲ್ಲಿಲ್ಲ. 2001ರದ್ದು ಸ್ವಲ್ಪ ಸಪ್ಪೆ. ಇಡೀ ವಿನ್ಯಾಸ ಮುಗಿದ ಮೇಲೆ ಬಾಗಿಲಲ್ಲಿ ಸೇರಿಸಿದ ಅನುಬಂಧ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಕಂಪನಿಯ ನಿಜಸ್ಥಿತಿ ಎಷ್ಟೋ ಸಲ ಆಸ್ತಿ-ಹೊಣೆ ಪಟ್ಟಿಯಲ್ಲಿರುವುದಿಲ್ಲ, ಅದರ ಹಿಂದಿನ ಸಣ್ಣಕ್ಷರದ ಟಿಪ್ಪಣಿಗಳಲ್ಲಿರುತ್ತದೆ. ಅನುಭವವುಳ್ಳ ಲೆಕ್ಕಿಗರು ಮೊದಲು ಓದುವುದು ಅದನ್ನೇ. ಆ ಸಪ್ಪೆ ವಿಗ್ರಹ ನೆಲದ ಮೇಲಿದೆ, ಪೀಠವಿಲ್ಲ. ಮಕ್ಕಳು ಅದರ ತೊಡೆ ಹತ್ತುತ್ತಾರೆ. ಗಾಲಿಕುರ್ಚಿಯಲ್ಲಿ ಬಂದವರು ತಲೆಯೆತ್ತದೆ ಅದರ ಮುಖ ನೋಡಬಹುದು. ಅಮೆರಿಕದ ಸ್ಮಾರಕಗಳಲ್ಲಿ ಇಂಥದ್ದು ಎಷ್ಟಿದೆ?

ಅಲ್ಲಿಂದ ಸ್ವಲ್ಪ ದೂರದಲ್ಲಿ ಮಾಯಾ ಲಿನ್ ವಿನ್ಯಾಸದ ವಿಯೆಟ್ನಾಂ ಯೋಧರ ಗೋಡೆಯಿದೆ, 1982ರದ್ದು. ಒಂದು ಮೆಟ್ಟಿಲೂ ಇಲ್ಲ, ದಾರಿ ನಿಧಾನಕ್ಕೆ ಇಳಿದು ನಿಧಾನಕ್ಕೆ ಏರುತ್ತದೆ. 58 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕಪ್ಪು ಕಲ್ಲಿನಲ್ಲಿ ಕೊರೆದಿದ್ದಾರೆ. ಬಂದವರೆಲ್ಲ, ಕಣ್ಣಿರಲಿ ಇಲ್ಲದಿರಲಿ, ಬೆರಳಿಂದಲೇ ಓದುತ್ತಾರೆ. ನಡುವಿನಲ್ಲಿ ಗೋಡೆ ಹತ್ತು ಅಡಿಗೆ ಏರುವುದರಿಂದ ಮೇಲಿನ ಹೆಸರುಗಳು ಅಲ್ಲೂ ಎಟುಕುವುದಿಲ್ಲ. ಅದಕ್ಕೆ ಸ್ವಯಂಸೇವಕರು ಏಣಿ ಹಾಕಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಹೆಸರಿನ ಅಚ್ಚು ತೆಗೆದುಕೊಡುತ್ತಾರೆ. ರೂಸ್‌ವೆಲ್ಟರ ಕಂಬದ ಮೇಲಿನ ಎಂಟು ಅಡಿ ಎತ್ತರದ ಚುಕ್ಕಿಗಳಿಗೆ ಯಾವ ಏಣಿ ಹಾಕುವುದು? ಈಗಿನ ಅಮೆರಿಕನ್ ಮಾನದಂಡದಲ್ಲಿ ಗುಂಡಿ, ಹಿಡಿಕೆಗಳಂಥ ಕೈಯಿಂದ ಬಳಸುವ ವಸ್ತುಗಳಿಗೆ ಗರಿಷ್ಠ ಎತ್ತರ 48 ಇಂಚು. ಎಂಟು ಅಡಿ ಎಂದರೆ ಸರಿಯಾಗಿ ಅದರ ಇಮ್ಮಡಿ.

ಇದನ್ನೆಲ್ಲ ಓದಿ ಅಮೆರಿಕದವರು ಹುಟ್ಟಾ ಉದಾರಿಗಳು ಎಂದು ಊರಿನ ಓದುಗರು ತಿಳಿಯಬಾರದು. ಆಶ್‌ಬರ್ನ್‌ಗೆ 2022ರ ನವೆಂಬರಿನಲ್ಲಿ ಮೆಟ್ರೊ ಬಂತು, ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. 1976ರಲ್ಲಿ ವಾಷಿಂಗ್ಟನ್ ಮೆಟ್ರೊ ಶುರುವಾಗುವ ಮೊದಲೇ ಅಂಗವಿಕಲರು ಕೋರ್ಟಿಗೆ ಹೋಗಬೇಕಾಯಿತು. ಚಿತ್ರಶಾಲೆಗಳ ಪಕ್ಕದಲ್ಲೇ ಇರುವ, ಅವುಗಳಿಂದಲೇ ಹೆಸರು ಪಡೆದ ಗ್ಯಾಲರಿ ಪ್ಲೇಸ್ ನಿಲ್ದಾಣವನ್ನು ಲಿಫ್ಟ್ ಇಲ್ಲವೆಂದು ತೆರೆಯಲು ಕೋರ್ಟು ಬಿಡಲಿಲ್ಲ. ತಿಂಗಳುಗಟ್ಟಲೆ ರೈಲುಗಳು ಅಲ್ಲಿ ನಿಲ್ಲದೆ ಹಾದುಹೋದವು. ಅದು ತೆರೆದದ್ದು ಡಿಸೆಂಬರಿನಲ್ಲಿ. ಕೇಳಿದ್ದರಿಂದ, ಬೀಗ ಹಾಕಿಸಿದ್ದರಿಂದ ಬಂದ ಲಿಫ್ಟುಗಳು ಅವು.

ನಮ್ಮಲ್ಲೂ ಕಾಯ್ದೆಯ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷಗಳಲ್ಲಿ ಸರಿಪಡಿಸಬೇಕೆಂದಿತ್ತು. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಗಡುವು ಬಂತು, ಹೋಯಿತು. ದೃಷ್ಟಿದೋಷವುಳ್ಳ ರಾಜೀವ್ ರಾತುರಿ ಎಂಬವರು 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನು ಲೆಕ್ಕಿಗಳಾಗಿ ಎರಡು ಸಲ ಓದಿದೆ. ಕಾಯ್ದೆ ‘ಮಾಡಲೇಬೇಕು’ ಎನ್ನುತ್ತದೆ, ಅದರಡಿ ಸರ್ಕಾರ ಬರೆದ ನಿಯಮ ‘ಮಾಡಿದರೆ ಒಳ್ಳೆಯದು’ ಎನ್ನುತ್ತದೆ, ಇದು ನಡೆಯದು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂಬುದು ಅದರ ತಾತ್ಪರ್ಯ. ಹಿಂದಿನ ರಜೆಯಲ್ಲಿ ಊರ ಕಡೆಯ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಚೆಂದದ ಇಳಿಜಾರಿತ್ತು, ಪಕ್ಕಕ್ಕೆ ಸ್ಟೀಲಿನ ಕಟಕಟೆಯೂ ಇತ್ತು. ಅದನ್ನು ಹತ್ತಿದರೆ ಸಿಗುವ ಬಾಗಿಲಿಗೆ ಬೀಗ. ಕಾವಲುಗಾರನನ್ನು ಕೇಳಿದರೆ ಕೀಲಿ ಸಾಹೇಬರ ಬಳಿ ಇದೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಕಾಗದದಲ್ಲಿ ಆ ಇಳಿಜಾರು ‘ಪೂರ್ಣಗೊಂಡ ಕಾಮಗಾರಿ’.

ಬೆಂಗಳೂರಿನ ಕಸ್ತೂರಬಾ ರಸ್ತೆ ಇದಕ್ಕೆ ವ್ಯತಿರಿಕ್ತ. 1962ರಿಂದ ಇರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಬೆಳೆದವರು ನಾವು. ಮುಟ್ಟಿ ಕಲಿಯುವುದು ಅಲ್ಲಿ ಅಂಧರಿಗೆಂದು ಬಂದದ್ದಲ್ಲ, ಮಕ್ಕಳಿಗೆಂದು ಬಂದದ್ದು. ಅದೇ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ‘ಮ್ಯಾಪ್’, ಚಿತ್ರಗಳ ಉಬ್ಬುಪ್ರತಿಗಳನ್ನು ಮಾಡಿಸಿ ಬ್ರೈಲ್ ಮತ್ತು ಧ್ವನಿ ವಿವರಣೆಯೊಂದಿಗೆ ಇಟ್ಟಿದೆ. ಒಳ್ಳೆಯ ಕೆಲಸ. ಆದರೂ ಉಬ್ಬುಪ್ರತಿಗಳ ಬಗ್ಗೆ ನನ್ನದೊಂದು ತಕರಾರಿದೆ: ಬಣ್ಣದಲ್ಲಿರುವುದನ್ನು ಗೆರೆಯಾಗಿ ಇಳಿಸುವಾಗ ಯಾವುದನ್ನು ಬಿಡಬೇಕೆಂದು ಯಾರು ತೀರ್ಮಾನಿಸುತ್ತಾರೆ? ಬೆರಳಿನ ಓದುಗರು ಆ ಮೇಜಿನಲ್ಲಿ ಕೂತಿರಬೇಕು, ಗ್ರಾಹಕರಾಗಿ ಅಲ್ಲ, ಕೆಲಸಗಾರರಾಗಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಪಂಚಾಕ್ಷರಿ ಗವಾಯಿಗಳು ಅಂಧರು, ಪುಟ್ಟರಾಜ ಗವಾಯಿಗಳು ಅಂಧರು. ಅಲ್ಲಿ ಕಣ್ಣಿಲ್ಲದವರೇ ಗುರುಗಳು, ಮನೆಯ ಯಜಮಾನರು. ಬಂದು ಹೋಗುವ ಕಣ್ಣುಳ್ಳವರು ಅತಿಥಿಗಳು. ಸಂಗ್ರಹಾಲಯಗಳು ಅಂಧರನ್ನು ಇನ್ನೂ ಅತಿಥಿಗಳೆಂದೇ ಎಣಿಸುತ್ತವೆ, ಬಹಳ ಮುತುವರ್ಜಿಯಿಂದ ನೋಡಿಕೊಳ್ಳಬೇಕಾದ ಅತಿಥಿಗಳೆಂದು.

‘ಹೊತ್ತುಕೊಂಡು ಹೋದರಾಯಿತಲ್ಲ’ ಎನ್ನುವುದು ನಮ್ಮವರ ಹಳೆಯ ಉತ್ತರ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತಲಾಗದವರಿಗೆ ಡೋಲಿಯಿದೆ. ಅಜ್ಜಿಯನ್ನು ಅಪ್ಪ ಹಾಗೆಯೇ ಹತ್ತಿಸಿದ್ದರು. ಅಜ್ಜಿಗೆ ಗೊಮ್ಮಟನ ದರ್ಶನವಾಯಿತು, ಸಂತೋಷವೂ ಆಯಿತು. ಆದರೆ ಎಷ್ಟು ಹೊತ್ತು ನೋಡಬೇಕು, ಯಾವಾಗ ಇಳಿಯಬೇಕು ಎಂಬುದು ಹೊರುವವರ ಕೈಯಲ್ಲಿತ್ತು. ಬೆಟ್ಟವನ್ನು ಕಡಿಯಿರಿ ಎಂದು ಯಾರೂ ಹೇಳುವುದಿಲ್ಲ. ಊರ ನಡುವಿನ ಸರ್ಕಾರಿ ಕಟ್ಟಡ ಬೆಟ್ಟವಲ್ಲ.

ಅಪ್ಪ ತಿಪಟೂರಿಗೆ ಮರಳಿದ ತಿಂಗಳಿಗೇ ಮೇಸ್ತ್ರಿಯನ್ನು ಕರೆಸಿದರು. ಮನೆಯ ಮುಂದೆ ನಾಲ್ಕು ಮೆಟ್ಟಿಲು, ಒಟ್ಟು 24 ಇಂಚು. ಒಂದು ಇಂಚು ಏರಲು ಹನ್ನೆರಡು ಇಂಚು ಓಟ ಬೇಕು, ಅಂದರೆ 24 ಅಡಿ. ಅಂಗಳ ಇರುವುದು 14 ಅಡಿ. ಮೇಸ್ತ್ರಿ “ಸ್ವಲ್ಪ ಕಡಿದು ಮಾಡಿದರಾಯ್ತು ಬಿಡಿ ಸಾರ್” ಅಂದನಂತೆ. ಅಪ್ಪ ಬಿಡಲಿಲ್ಲ. ಗೇಟಿನ ಪಕ್ಕದ ತೆಂಗಿನ ಮರದ ಬಳಿ ಐದಡಿಯ ಸಮತಟ್ಟು ಇಡಿಸಿ, ಅಲ್ಲಿಂದ ಗೋಡೆಗುಂಟ ತಿರುಗಿಸಿ, ಲೆಕ್ಕ ಸರಿಹೊಂದಿಸಿದರು. ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ನನಗೂ ಕಳಿಸಿದರು. ಅಳತೆ ಪರಿಶೀಲಿಸಿದೆ, ತಪ್ಪಿರಲಿಲ್ಲ. ಸಿಮೆಂಟು ಒಣಗಿದ ಮೇಲೆ ಫೋನ್ ಮಾಡಿದಾಗ ಬೀದಿಯವರೆಲ್ಲ ಏನಂದರು ಎಂದು ಕೇಳಿದೆ.

“ಸ್ಕೂಟರ್ ಒಳಗೆ ಹತ್ತಿಸೋಕಾ ಅಂತ ಕೇಳಿದ್ರು.”

“ನೀವೇನಂದ್ರಿ?”

“ಹೂಂ, ಸ್ಕೂಟರಿಗೇ ಅಂದೆ.”